ಪೋರ್ಟ್ಸ್ ಅಪ್‌ಡೇಟ್ ನಿಂತಿದೆಯಾ? ಫೋಲ್ಡರ್ ಅಳಿಸಬೇಡಿ
"ಮಾರಾಯ್ರೆ, ಪೋರ್ಟ್‌ಸ್ನ್ಯಾಪ್ ಅನ್ನುವ ಕಮಾಂಡೇ ಇಲ್ಲ ಅಂತಿದೆ. ಹಳೆಯದನ್ನೆಲ್ಲ ಅಳಿಸಿಬಿಡಲಾ?"

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಒಂದು ಪ್ರಿಂಟಿಂಗ್ ಪ್ರೆಸ್ಸಿನಿಂದ ಬಂದ ಫೋನು. ಏನೂ ಮುಟ್ಟಬೇಡಿ ಅಂದು ಕುಂಬಳೆಯಿಂದ ಬಸ್ ಹತ್ತಿದೆ.

ಅವರ ಸರ್ವರ್ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ 13ನೇ ಆವೃತ್ತಿಯಿಂದ 14ಕ್ಕೆ ಏರಿತ್ತು. ಅದರಲ್ಲಿ ತಂತ್ರಾಂಶಗಳನ್ನು ಮೂಲ ಕೋಡಿನಿಂದ ಬಿಲ್ಡ್ ಮಾಡಲು ಬೇಕಾದ ಫೈಲುಗಳ ಫೋಲ್ಡರೇ ಪೋರ್ಟ್ಸ್ ಟ್ರೀ. ಅದನ್ನು ತರುತ್ತಿದ್ದ ಹಳೆಯ ಕಮಾಂಡ್ ಪೋರ್ಟ್‌ಸ್ನ್ಯಾಪ್ 14ರಲ್ಲಿ ಇಲ್ಲ. 2021ರಿಂದಲೇ ಪೋರ್ಟ್ಸ್ ಟ್ರೀ ಇರುವುದು ಫೈಲುಗಳ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ. ಹಾಗಾದ್ರೆ ಹೊಸ ಬದಲಾವಣೆಗಳನ್ನು ತರುವ ಗಿಟ್ ಪುಲ್ ಕೊಟ್ಟರಾಯ್ತು, ಅಲ್ವಾ? ಅವರೂ ಕೊಟ್ಟಿದ್ದರು. 'ಇದು ಗಿಟ್ ರೆಪಾಸಿಟರಿ ಅಲ್ಲ' ಅಂತ ಬಂತು. ಕ್ಲೋನ್, ಅಂದರೆ ಹೊಸ ಪ್ರತಿ, ಮಾಡಹೊರಟರೆ 'ಫೋಲ್ಡರ್ ಖಾಲಿ ಇಲ್ಲ'. ಎರಡಕ್ಕೂ ಕಾರಣ ಒಂದೇ. ಆ ಟ್ರೀ ಬಂದದ್ದು ಪೋರ್ಟ್‌ಸ್ನ್ಯಾಪ್ ಮೂಲಕ. ಅದರೊಳಗೆ ಗಿಟ್‌ನ ದಾಖಲೆ ಏನೂ ಇರುವುದಿಲ್ಲ. ಅದಕ್ಕೇ ನಾನು ಮೊದಲು ಕೇಳುವುದು, ಈ ಟ್ರೀಯನ್ನು ಇಲ್ಲಿಗೆ ತಂದದ್ದು ಯಾವುದು ಅಂತ.

ಹಳೆಯ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟೆ. ಹೊಸದಾಗಿ ಕ್ಲೋನ್ ಮಾಡಿದೆ. ಪೂರ್ತಿ ಇತಿಹಾಸ ಬೇಡದಿದ್ದರೆ ಈಗಿನ ಸ್ಥಿತಿಯನ್ನಷ್ಟೇ ತರುವ ಡೆಪ್ತ್ 1 ಸಾಕು, ಡೇಟಾ ಉಳಿಯುತ್ತದೆ. ಇಳಿಸಿಕೊಂಡ ಮೂಲ ಫೈಲುಗಳಿರುವ ಡಿಸ್ಟ್‌ಫೈಲ್ಸ್ ಫೋಲ್ಡರನ್ನು ಹಳೆಯದರಿಂದ ತಂದಿಟ್ಟರೆ ಅದೇ ಫೈಲುಗಳನ್ನು ಮತ್ತೆ ಇಳಿಸುವ ಕೆಲಸವಿಲ್ಲ. ಬಿಲ್ಡ್ ಸೆಟ್ಟಿಂಗುಗಳ ಫೈಲಾದ ಮೇಕ್ ಕಾನ್ಫ್ ಮತ್ತು ನೀವು ಆರಿಸಿಟ್ಟ ಆಪ್ಷನ್‌ಗಳು ಸಾಮಾನ್ಯವಾಗಿ ಟ್ರೀಯ ಹೊರಗಿರುತ್ತವೆ, ಅವುಗಳ ಚಿಂತೆ ಬೇಡ. ಆದರೆ ಪ್ರಿಂಟಿಗೆ ಪುಟ ಸಿದ್ಧಮಾಡುವ ಘೋಸ್ಟ್‌ಸ್ಕ್ರಿಪ್ಟ್ ಪೋರ್ಟಿನ ಫೈಲ್ಸ್ ಫೋಲ್ಡರಿನಲ್ಲಿ ಪ್ರೆಸ್ಸಿನವರೇ ಎಂದೋ ಹಾಕಿಟ್ಟ ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಸಿಕ್ಕಿತು. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಅಳಿಸಿದ್ದರೆ ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಮಳೆ ಜೋರಾದರೆ ಕರೆಂಟು ಹೋಗುತ್ತದೆ. ಪುಲ್ ನಡೆಯುವಾಗ ಹೋದರೆ, ಮುಂದಿನ ಸಲ, ಕೆಲಸ ನಡೆಯುತ್ತಿದೆ ಅಂತ ಸೂಚಿಸುವ ಇಂಡೆಕ್ಸ್ ಲಾಕ್ ಫೈಲ್ ಈಗಾಗಲೇ ಇದೆ ಅಂತ ಗಿಟ್ ನಿಂತುಬಿಡಬಹುದು. ಬೇರೆ ಗಿಟ್ ಓಡುತ್ತಿಲ್ಲ ಅಂತ, ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್ ಕಮಾಂಡಿನಲ್ಲಿ ನೋಡಿ. ಆಮೇಲೆ ಆ ಒಂದು ಫೈಲನ್ನು ಮಾತ್ರ ತೆಗೆಯಿರಿ.

ಪುಲ್ ಸರಿಯಾಗಿ ಆದ ಮೇಲೂ ಬಿಲ್ಡ್ ಮುರಿಯಬಹುದು. ಟ್ರೀಯೊಳಗೆ ಅಪ್‌ಡೇಟಿಂಗ್ ಅನ್ನುವ ಫೈಲ್ ಇದೆ. ಕೊನೆಯ ಅಪ್‌ಡೇಟ್ ನಂತರದ ತಾರೀಕುಗಳನ್ನಾದರೂ ದಯವಿಟ್ಟು ಓದಿ. ಪರ್ಲ್, ಪೈಥಾನ್ ಆವೃತ್ತಿ ಬದಲಾದಾಗ ಏನು ಮಾಡಬೇಕೆಂದು ಅದರಲ್ಲೇ ಬರೆದಿರುತ್ತಾರೆ. ಇನ್ನೊಂದು ಮಾತು. ಸಿದ್ಧ ಪ್ಯಾಕೇಜುಗಳನ್ನು ಹಾಕುವ ಪಿಕೆಜಿ ಕಮಾಂಡನ್ನು ಅದರ ಪಾಡಿಗೆ ಬಿಟ್ಟರೆ ಮೂರು ತಿಂಗಳಿಗೊಮ್ಮೆ ಹೊರಡುವ ಶಾಖೆಯಿಂದ ಪ್ಯಾಕೇಜ್ ತರುತ್ತದೆ. ಟ್ರೀ ಮಾತ್ರ ಸದಾ ಬದಲಾಗುತ್ತಿರುವ ಮೇನ್ ಶಾಖೆಯದ್ದಾದರೆ ಲೈಬ್ರರಿಗಳು ಒಂದಕ್ಕೊಂದು ಹೊಂದದೇ ಹೋಗಬಹುದು. ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಎರಡಕ್ಕೂ ಒಂದೇ ಶಾಖೆ ಇಟ್ಟುಕೊಳ್ಳಿ.

ಪ್ರೆಸ್ಸಿನವರ ಪ್ಯಾಚ್ ಹೊಸ ಆವೃತ್ತಿಗೆ ಹಾಗೇ ಕೂರಲಿಲ್ಲ, ಎರಡು ಸಾಲು ತಿದ್ದಬೇಕಾಯಿತು. ಸಂಜೆ ಲಗ್ನಪತ್ರಿಕೆಯ ಪ್ರೂಫ್ ಒತ್ತಕ್ಷರ ಸಮೇತ ಸರಿಯಾಗಿ ಬಂತು. ಹಳೆಯ ಫೋಲ್ಡರನ್ನು ಎಂಟು ದಿನ ಬಿಟ್ಟು ತೆಗೆದೆವು.