ಮದ್ದು ತಾಗದ ಕ್ಷಯ: ಮುಂಬೈಯಲ್ಲಿ ನಾವೇ ಆರಿಸಿಕೊಟ್ಟ ಬೀಜ

‘ಮದ್ದ್ ತಾಗುದಿಲ್ಲ ಮಾರಾಯ್ರೆ’ ಎಂದಿದ್ದ ಕುಂದಾಪುರ ಕಡೆಯ ಆ ಹುಡುಗ. ಮುಂಬೈಯ ಸಾಕಿನಾಕಾದ ಹೋಟೆಲೊಂದರಲ್ಲಿ ಕೆಲಸ, ಎಂಟು ಮಂದಿ ಮಲಗುವ ಖೋಲಿಯಲ್ಲಿ ವಾಸ. ಮೂರು ತಿಂಗಳ ಕೆಮ್ಮಿಗೆ ಮೂವರು ಡಾಕ್ಟರು ಮೂರು ಬಗೆಯ ಗುಳಿಗೆ ಕೊಟ್ಟಿದ್ದರು. ಕಫ ಪರೀಕ್ಷೆ ಮಾಡಿಸು ಎಂದು ಒಬ್ಬರೂ ಹೇಳಿರಲಿಲ್ಲ. ಕೊನೆಗೆ ಕ್ಷಯವೆಂದು ಗೊತ್ತಾದಾಗ, ಅದು ಕ್ಷಯದ ಮುಖ್ಯ ಮದ್ದಾದ ರಿಫಾಂಪಿಸಿನ್ನಿಗೆ ಬಗ್ಗದ ಕ್ಷಯವಾಗಿತ್ತು. ಮದ್ದು ತಿಂದು ತಿಂದು ಮೈಗೆ ಒಗ್ಗಿಹೋಗಿದೆ ಎಂದು ಖೋಲಿಯವರೆಲ್ಲ ನಂಬಿದ್ದರು.

ಮದ್ದಿಗೆ ಬಗ್ಗದೆ ನಿಲ್ಲುವುದು ಮೈಯಲ್ಲ, ರೋಗಾಣು. ಆದರೆ ಮದ್ದಿಗೆ ಒಗ್ಗಿಕೊಳ್ಳುವುದು ಎಂಬ ನಂಬಿಕೆ ನಮ್ಮವರದ್ದು ಮಾತ್ರವಲ್ಲ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿ, ಗಂಟಲುನೋವಿಗೆ ಅರೆಬರೆ ಪೆನ್ಸಿಲಿನ್ ತೆಗೆದುಕೊಳ್ಳುವ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು ಎಚ್ಚರಿಸಿದ್ದರು. ಆ ಎಚ್ಚರಿಕೆಯ ಸಾರ ಇಂದಿಗೂ ಸತ್ಯ. ಆದರೆ ಅಷ್ಟು ಮದ್ದು ರೋಗಾಣುಗಳಿಗೆ ಎದುರಿಸುವ ‘ಶಿಕ್ಷಣ’ ಕೊಡುತ್ತದೆ ಎಂಬ ಅರ್ಥದ ಮಾತನ್ನು ಅವರು ಬಳಸಿದ್ದರು. ರೋಗಾಣು ಪಾಠ ಕಲಿಯುವುದಿಲ್ಲ. ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಇದನ್ನು ಒಂದು ಮಖಮಲ್ ಬಟ್ಟೆಯಿಂದ ತೋರಿಸಿಕೊಟ್ಟರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ಮೇಲೆ ಬಟ್ಟೆಯನ್ನು ಒತ್ತಿ, ಅದೇ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಎಂಬ ಮದ್ದಿದ್ದ ಬೇರೆ ತಟ್ಟೆಗೆ ಇಳಿಸಿದರು. ಅಲ್ಲಿ ಬದುಕಿದ ಬ್ಯಾಕ್ಟೀರಿಯಾಗಳ ಜಾಗ ಗುರುತಿಟ್ಟು ಮೂಲ ತಟ್ಟೆಗೆ ಹಿಂತಿರುಗಿದರು. ಮದ್ದು ತಾಗದೆಯೇ ಬೆಳೆದ ಆ ತಟ್ಟೆಯಲ್ಲೂ ಮದ್ದಿಗೆ ಜಗ್ಗದವು ಮೊದಲೇ ಇದ್ದವು.

ಗದ್ದೆ ಕಂಡವರಿಗೆ ಇದನ್ನು ಹೇಳುವುದು ಸುಲಭ. ಮಳೆ ಕೈಕೊಟ್ಟ ವರ್ಷ ಒಣಗದೆ ನಿಂತ ನಾಲ್ಕು ತೆನೆಯನ್ನೇ ಬೀಜಕ್ಕೆ ಎತ್ತಿಟ್ಟರೆ, ಮರುವರ್ಷದ ಗದ್ದೆ ಆ ನಾಲ್ಕರ ಸಂತಾನ. ಯಾವ ಪೈರೂ ಬರವನ್ನು ತಾಳಲು ಕಲಿಯಲಿಲ್ಲ. ತಾಳದವು ಹೋದವು, ತಾಳಿದವು ಉಳಿದವು. ನಿಸರ್ಗದ ಆಯ್ಕೆ ಎಂದು ಡಾರ್ವಿನ್ ಕರೆದದ್ದು ಇದೇ ಬಗೆಯ ಕೆಲಸವನ್ನು. ಜಿರಾಫೆಯ ಕತ್ತಿಗೆ ಲಕ್ಷಾಂತರ ವರ್ಷ ಬೇಕಾಯಿತು. ಕ್ಷಯದ ರೋಗಾಣುವಿನ ತಲೆಮಾರು ಸುಮಾರು ಒಂದು ದಿನದ್ದು, ಹಾಗಾಗಿ ಅದೇ ಕೆಲಸ ಒಬ್ಬ ರೋಗಿಯ ಶ್ವಾಸಕೋಶದಲ್ಲಿ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ.

ಕ್ಷಯದಲ್ಲಿ ಈ ಆಯ್ಕೆ ಕಣ್ಣಿಗೆ ಬಿದ್ದದ್ದು ಅದಕ್ಕೆ ಸ್ಟ್ರೆಪ್ಟೊಮೈಸಿನ್ ಕೊಡತೊಡಗಿದ ಹೊಸದರಲ್ಲೇ. ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳಾಗುವಾಗ ಈ ಮದ್ದು ಸಿಕ್ಕ 55 ಕ್ಷಯರೋಗಿಗಳಲ್ಲಿ 4 ಮಂದಿ ಸತ್ತಿದ್ದರು. ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ಪವಾಡವೆಂದೇ ಎಲ್ಲರಿಗೂ ಅನಿಸಿತು. ಆದರೆ ಮದ್ದು ಸಿಕ್ಕ ಹಲವರ ಕಫದಲ್ಲಿ ಆಗಲೇ ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗದ ರೋಗಾಣುಗಳು ತುಂಬಿದ್ದವು, ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪುಗಳ ಸಾವಿನಲ್ಲಿ ದೊಡ್ಡ ಅಂತರ ಉಳಿಯಲಿಲ್ಲ.

ಪರಿಹಾರ ಹೊಳೆದದ್ದು ಸರಳ ಗಣಿತದಿಂದ. ಐಸೋನಿಯಾಜಿಡ್ ಎಂಬ ಇನ್ನೊಂದು ಕ್ಷಯದ ಮದ್ದಿಗೆ ಬಗ್ಗದ ರೋಗಾಣು ಸುಮಾರು ಹತ್ತು ಲಕ್ಷಕ್ಕೊಂದು, ರಿಫಾಂಪಿಸಿನ್ನಿಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೊಂದು ತಾನಾಗಿಯೇ ಹುಟ್ಟುತ್ತದೆ. ಶ್ವಾಸಕೋಶದಲ್ಲಾದ ಒಂದು ಕುಳಿಯೊಳಗೆ ಕೋಟಿಗಟ್ಟಲೆ ರೋಗಾಣುಗಳಿರುವಾಗ ಒಂದೇ ಮದ್ದು ಕೊಟ್ಟರೆ ಬದುಕಿ ಉಳಿಯುವವು ಇದ್ದೇ ಇರುತ್ತವೆ. ಎರಡಕ್ಕೂ ಬಗ್ಗದ್ದು ಒಂದೇ ಸಲ ಹುಟ್ಟಬೇಕಾದರೆ ಎರಡು ಸಂಖ್ಯೆಗಳನ್ನೂ ಗುಣಿಸಬೇಕು. ಅಷ್ಟು ರೋಗಾಣು ಯಾವ ಮೈಯಲ್ಲೂ ಇರುವುದಿಲ್ಲ. ಕ್ಷಯಕ್ಕೆ ಹಲವು ಮದ್ದು ಒಟ್ಟಿಗೆ, ಆರು ತಿಂಗಳು ತಪ್ಪದೆ ಎನ್ನುವುದರ ಹಿಂದಿನ ತರ್ಕ ಇದು. (ಸಾಮಾನ್ಯ ಸೋಂಕುಗಳಲ್ಲಿ ಹೆಚ್ಚು ದಿನದ ಮದ್ದೇ ಒಳ್ಳೆಯದು ಎನ್ನಲಾಗದು, ಎಷ್ಟೋ ಸೋಂಕಿಗೆ ಚಿಕ್ಕ ಕೋರ್ಸೇ ಸಾಕೆಂದು ಈಗ ತಿಳಿದಿದೆ. ಕ್ಷಯದ ಮಾತು ಬೇರೆ.)

ಆ ತರ್ಕವನ್ನು ಮುಂಬೈ ಉಳಿಸಿಕೊಳ್ಳಲಿಲ್ಲ. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲ್ಲಿನ ನೂರು ಚಿಲ್ಲರೆ ಖಾಸಗಿ ವೈದ್ಯರು ಕ್ಷಯಕ್ಕೆ 80 ಬಗೆಯ ಚೀಟಿ ಬರೆದಿದ್ದರು. ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಅದೇ ಪ್ರಶ್ನೆಯನ್ನು ಧಾರಾವಿಯಲ್ಲಿ ಮತ್ತೆ ಕೇಳಿ 2010ರಲ್ಲಿ ಪ್ರಕಟಿಸಿದರು. 106 ವೈದ್ಯರು, 63 ಬಗೆಯ ಚೀಟಿ. ಸರಿಯಾಗಿ ಬರೆದವರು ಆರೇ ಮಂದಿ. ನನ್ನನ್ನು ಎಲ್ಲಕ್ಕಿಂತ ಕಂಗೆಡಿಸುವ ಅಂಕಿ ಇದು. ನಡುವೆ ಹೆಚ್ಚು ಕಡಿಮೆ ಇಪ್ಪತ್ತು ವರ್ಷ ಕಳೆದಿದ್ದರೂ ಪರಿಸ್ಥಿತಿ ಅಲ್ಲೇ ನಿಂತಿತ್ತು. ಒಂದು ಮದ್ದು ಸಾಲದಾದಾಗ ಇನ್ನೊಂದನ್ನು ಮಾತ್ರ ಸೇರಿಸುವುದೆಂದರೆ, ಬದುಕುಳಿದ ತೆನೆಗಳನ್ನು ಹುಡುಕಿ ಬಿತ್ತಿದಂತೆ. ಮೊದಲ ಮದ್ದಿಗೆ ಬಗ್ಗದವುಗಳಲ್ಲೇ ಎರಡನೆಯದಕ್ಕೂ ಬಗ್ಗದವನ್ನು ಅದು ಆರಿಸುತ್ತದೆ.

ಫಲ ಬೇಗ ಕಂಡಿತು. 2011ರ ಡಿಸೆಂಬರಿನಲ್ಲಿ ಅದೇ ಹಿಂದೂಜಾ ತಂಡ, ಪರೀಕ್ಷಿಸಿದ ಯಾವ ಮದ್ದಿಗೂ ಬಗ್ಗದ ಕ್ಷಯವಿದ್ದ ನಾಲ್ವರು ರೋಗಿಗಳ ಬಗ್ಗೆ ಬರೆಯಿತು. ಅವರಲ್ಲಿ ಮೂವರು 18 ತಿಂಗಳಲ್ಲಿ ಸರಾಸರಿ ನಾಲ್ವರು ಖಾಸಗಿ ವೈದ್ಯರ ಕೈಯಲ್ಲಿ ಅಡ್ಡಾದಿಡ್ಡಿ ಮದ್ದು ಪಡೆದವರು. ‘ಸಂಪೂರ್ಣ ಮದ್ದುನಿರೋಧಕ’ ಎಂಬ ಹೆಸರನ್ನು ಕೇಂದ್ರ ಸರ್ಕಾರ ಒಪ್ಪಲಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಆ ಪದವನ್ನು ಅಂಗೀಕರಿಸಲಿಲ್ಲ. ಪದದ ಜಗಳ ಏನೇ ಇರಲಿ, ಸುದ್ದಿ ಸುಳ್ಳಾಗಿರಲಿಲ್ಲ. 2012ರ ಮೇ ತಿಂಗಳಲ್ಲಿ ಪ್ರತಿಯೊಂದು ಕ್ಷಯ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಯಿತು. 2014ರ ಮಾರ್ಚಿನಿಂದ ಕ್ಷಯದ ಮದ್ದುಗಳೂ ಕೆಲವು ಪ್ರಬಲ ಆಂಟಿಬಯೋಟಿಕ್‌ಗಳೂ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮದ್ದುಗಳ ‘ಎಚ್1’ ಎಂಬ ಸರ್ಕಾರಿ ಪಟ್ಟಿಗೆ ಸೇರಿ, ಅವನ್ನು ಕೊಟ್ಟ ಲೆಕ್ಕವನ್ನು ಮೆಡಿಕಲ್ ಅಂಗಡಿಯವರು ಬೇರೆ ಪುಸ್ತಕದಲ್ಲಿ ಇಡಬೇಕಾಯಿತು.

ಇದರಲ್ಲಿ ರೋಗಿಯನ್ನೇ ದೂರುವವರ ಮೇಲೆ ನನಗೆ ಸಿಟ್ಟಿದೆ. ಮದ್ದಿಗೆ ಬಗ್ಗದ ರೋಗಾಣು ಒಮ್ಮೆ ಹುಟ್ಟಿತೆಂದರೆ ಕೆಮ್ಮಿನೊಡನೆ ಅದೂ ಹರಡುತ್ತದೆ. ಒಂದೇ ಒಂದು ಗುಳಿಗೆ ತಪ್ಪಿಸದವನಿಗೂ, ಒಂದನ್ನೂ ನುಂಗಿರದವನಿಗೂ ಅದು ತಗಲಬಹುದು. ಸಾಕಿನಾಕಾದ ಹುಡುಗನಿಗೆ ಅದು ಹಾಗೆಯೇ ಬಂದಿರಬಹುದು, ಬೇರೊಬ್ಬರ ಮೈಯಲ್ಲಿ ಆಯ್ಕೆಯಾಗಿ, ಗಾಳಿಯಾಡದ ಖೋಲಿಯಲ್ಲಿ. ನಿರೋಧಕತೆಯ ಬೆಲೆಯಾಗಿ ಇಂಥ ರೋಗಾಣು ಕೆಲವೊಮ್ಮೆ ಮೊದಮೊದಲು ಸೊರಗುತ್ತದೆ. ಆದರೆ ಆ ಸೊರಗನ್ನು ಸರಿಪಡಿಸುವ ಇನ್ನೊಂದು ಬದಲಾವಣೆ ಆದದ್ದು ಬದುಕಿ ಬೆಳೆಯುತ್ತದೆ. ಅಲ್ಲೂ ಆಯ್ಕೆಯೇ.

ಬೆಡಾಕ್ವಿಲಿನ್ ಎಂಬ ಹೊಸ ಮದ್ದಿಗೆ ಅಮೆರಿಕದಲ್ಲಿ 2012ರ ಕೊನೆಗೆ ಅನುಮತಿ ಸಿಕ್ಕಿತು, ಭಾರತದ ಕ್ಷಯ ಕಾರ್ಯಕ್ರಮಕ್ಕೆ ಅದು 2016ರಲ್ಲಿ ಬಂತು. ಅದರ ಜೊತೆ ಮತ್ತೆ ಮೂರು ಮದ್ದು ಸೇರಿಸಿದ, ಆರು ತಿಂಗಳ, ಸೂಜಿಯಿಲ್ಲದ ಚಿಕಿತ್ಸೆಗೆ 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಹಿಂದೆ ಇಂಥ ಕ್ಷಯಕ್ಕೆ ಎರಡು ವರ್ಷದವರೆಗೂ ಮದ್ದು, ತಿಂಗಳುಗಟ್ಟಲೆ ಇಂಜೆಕ್ಷನ್ನು, ಅದರಿಂದ ಕಿವಿ ಕಳೆದುಕೊಂಡವರೂ ಇದ್ದರು. ಬೆಡಾಕ್ವಿಲಿನ್ನಿಗೆ ಬಗ್ಗದ ರೋಗಾಣುಗಳು ಈಗಾಗಲೇ ಹಲವು ದೇಶಗಳಲ್ಲಿ ಕಂಡಿವೆ.