ಎಡಗಣ್ಣಲ್ಲ, ಎಡಬದಿ: ವಿಷುಯಲ್ ಕಾರ್ಟೆಕ್ಸ್ ಟಿಪ್ಪಣಿ

ಕಣ್ಣಿನ ರಚನೆ, ರಾಡ್, ಕೋನ್ ಎಲ್ಲ ಪಿಯುಸಿಯಲ್ಲೇ ಮುಗಿದಿವೆ, ಇಲ್ಲಿ ಬಿಟ್ಟಿದ್ದೇನೆ. ಕಂಡದ್ದರ ಸುದ್ದಿ ಕಣ್ಣಿನಿಂದ ಮಿದುಳಿಗೆ ಹೋಗುವ ದಾರಿ ಹೀಗಿದೆ: ರೆಟಿನಾ, ಆಪ್ಟಿಕ್ ನರ್ವ್, ಕಯಾಸ್ಮ (ಎರಡು ಕಣ್ಣಿನ ನರಗಳು ಸೇರುವ ಜಾಗ), ಆಪ್ಟಿಕ್ ಟ್ರ್ಯಾಕ್ಟ್, ಮಿದುಳಿನೊಳಗಿನ ಥಲಾಮಸ್‌ನ ಎಲ್‌ಜಿಎನ್ (ನಡುದಾರಿಯ ನಿಲ್ದಾಣ), ಆಪ್ಟಿಕ್ ರೇಡಿಯೇಶನ್, ಕೊನೆಗೆ ತಲೆಯ ಹಿಂಬದಿ ಆಕ್ಸಿಪಿಟಲ್ ಲೋಬ್‌ನಲ್ಲಿರುವ ವಿ1, ಅಂದರೆ ನೋಟಕ್ಕೆ ಮೀಸಲಾದ ವಿಷುಯಲ್ ಕಾರ್ಟೆಕ್ಸ್‌ನ ಮೊದಲ ಭಾಗ. ಹೆಸರು ಬಾಯಿಪಾಠ ಮಾಡುವುದು ದೊಡ್ಡ ವಿಷಯ ಅಲ್ಲ. ಎಡವುವುದು ಕಯಾಸ್ಮದಲ್ಲಿ.

ಕಯಾಸ್ಮ: ಯಾವುದು ದಾಟುತ್ತದೆ?

ಎಡ ಕೈಕಾಲನ್ನು ನಡೆಸುವುದು ಬಲ ಮಿದುಳು. ಆ ಲೆಕ್ಕವನ್ನೇ ಇಲ್ಲೂ ಹಾಕಿ ‘ಎಡಗಣ್ಣು ಬಲ ಮಿದುಳಿಗೆ’ ಅಂದರೆ ವೈವಾದಲ್ಲಿ ಸಿಕ್ಕಿಬೀಳುವುದು ಗ್ಯಾರಂಟಿ. ಇಲ್ಲಿ ‘ಯಾವ ಕಣ್ಣು’ ಅಂತ ಕೇಳಲೇಬೇಡಿ. ‘ಎದುರಿನ ನೋಟದ ಯಾವ ಅರ್ಧ’ ಅಂತ ಕೇಳಿ.

ಮಲ್ಪೆ ಬೀಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಎಡಕ್ಕೆ, ಅಂದರೆ ತೆಂಕು ಬದಿಗೆ ಬಂದರು. ಕಣ್ಣು ನೇರ ಎದುರಿಗೇ ಇರಲಿ, ಕದಲಿಸಬೇಡಿ. ಬಂದರಿನ ಕಡೆಯಿಂದ ಒಂದು ಬೋಟು ಹೊರಟಿತು. ಅದರ ಬೆಳಕು ಎರಡೂ ಕಣ್ಣಿಗೆ ಬರುತ್ತದೆ. ಎಡದಿಂದ ಓರೆಯಾಗಿ ಬಂದ ಬೆಳಕು ಪಾಪೆಯನ್ನು ದಾಟಿ ರೆಟಿನಾದ ಬಲಭಾಗಕ್ಕೆ ಬೀಳುತ್ತದೆ. ಎರಡೂ ಕಣ್ಣಿನಲ್ಲೂ ಬಲಭಾಗಕ್ಕೇ.

ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಮುಖವನ್ನೇ ಮುಟ್ಟಿ ನೋಡಿ. ಎಡಗಣ್ಣಿನ ಬಲಭಾಗ ಅಂದರೆ ಮೂಗಿನ ಬದಿ. ಬಲಗಣ್ಣಿನ ಬಲಭಾಗ ಅಂದರೆ ಕಿವಿಯ ಬದಿ. ನಿಯಮ ಒಂದೇ: ಮೂಗಿನ ಬದಿಯ ನರತಂತುಗಳು ದಾಟುತ್ತವೆ, ಕಿವಿ ಬದಿಯವು ದಾಟುವುದಿಲ್ಲ. ಹಾಗಾಗಿ ಎಡಗಣ್ಣಿನ ಸುದ್ದಿ ದಾಟಿ ಬಲಕ್ಕೆ ಬಂತು. ಬಲಗಣ್ಣಿನದ್ದು ದಾಟದೆ ಬಲದಲ್ಲೇ ಉಳಿಯಿತು. ಬೋಟು ಇರುವುದು ಎಡದಲ್ಲಿ, ಎರಡೂ ಕಣ್ಣಿನ ವರದಿ ಸೇರಿದ್ದು ಬಲ ಮಿದುಳಿನಲ್ಲಿ.

ಇಷ್ಟು ಕೂತರೆ ಪೆಟ್ಟು ಬಿದ್ದ ಜಾಗ ಹೇಳುವುದು ಸುಲಭ. ಕಯಾಸ್ಮಕ್ಕಿಂತ ಮುಂದೆ ಆಪ್ಟಿಕ್ ನರ್ವ್ ತುಂಡಾದರೆ ಆ ಒಂದು ಕಣ್ಣೇ ಕುರುಡು. ಕಯಾಸ್ಮದ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಕಯಾಸ್ಮದ ನಡುವನ್ನು ಒತ್ತಿದರೆ ದಾಟುವ ತಂತುಗಳು ಹಾಳಾಗುತ್ತವೆ. ಆಗ ಎರಡೂ ಹೊರಬದಿಯ ನೋಟ ಹೋಗುತ್ತದೆ. ಕಯಾಸ್ಮದ ಹಿಂದೆ ಬಲಗಡೆ ಪೆಟ್ಟಾದರೆ ಎರಡೂ ಕಣ್ಣಿಗೆ ಎಡ ಅರ್ಧ ಇಲ್ಲ. ಅಂಥವರು ‘ಎಡಗಣ್ಣು ಕಾಣ್ತಿಲ್ಲ’ ಅಂತಲೇ ಹೇಳಬಹುದು, ನಂಬಿ ಬರೆದುಕೊಳ್ಳಬೇಡಿ. ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿ. ಯಾವುದನ್ನು ಮುಚ್ಚಿದರೂ ಬೋಟು ಕಾಣುವುದಿಲ್ಲ ಅಂದರೆ ತೊಂದರೆ ಕಣ್ಣಿನದ್ದಲ್ಲ.

ಮೇಲೆ ಕೆಳಗೂ ಇದೇ ಕಥೆ. ಆಕಾಶದ ಬೆಳಕು ರೆಟಿನಾದ ಕೆಳಭಾಗಕ್ಕೆ ಬೀಳುತ್ತದೆ. ಅಲ್ಲಿಂದ ಹೊರಟ ಸುದ್ದಿ ಎಲ್‌ಜಿಎನ್ ದಾಟಿದ ಮೇಲೆ ಕಿವಿ ಬದಿಯ ಟೆಂಪೊರಲ್ ಲೋಬ್‌ನೊಳಗೆ ಸುತ್ತು ಹಾಕಿ ಕ್ಯಾಲ್ಕರೈನ್ ಸಲ್ಕಸ್‌ನ (ವಿ1 ಇರುವ ಸೀಳಿನ) ಕೆಳದಂಡೆಗೆ ಹೋಗುತ್ತದೆ. ಈ ಸುತ್ತೇ ಮೇಯರ್ಸ್ ಲೂಪ್. ಬಲಗಡೆ ಅದು ಕತ್ತರಿಸಿದರೆ ಎಡ ಮೇಲಿನ ಕಾಲುಭಾಗ ಮಾಯ.

ಎಲ್‌ಜಿಎನ್

ಆರು ಪದರ. ಎರಡು ಕಣ್ಣಿನ ಸುದ್ದಿ ಇಲ್ಲಿ ಇನ್ನೂ ಬೇರೆಬೇರೆ. 1, 4, 6 ಆಚೆ ಕಣ್ಣಿನವು. 2, 3, 5 ಅದೇ ಬದಿಯ ಕಣ್ಣಿನವು. ಆರರೊಳಗಿನ ಅವಿಭಾಜ್ಯ ಸಂಖ್ಯೆಗಳು 2, 3, 5 ಮಾತ್ರ ಅಲ್ವಾ? ಅವಿಭಾಜ್ಯ ಆದರೆ ದಾಟದವು. ಈ ಉಪಾಯ ನನಗೆ ಬಹಳ ಇಷ್ಟ, ಪರೀಕ್ಷೆಯ ಹಾಲ್‌ನಲ್ಲೂ ಕೈಕೊಡುವುದಿಲ್ಲ.

ವಿ1

ಆಕ್ಸಿಪಿಟಲ್ ಲೋಬ್ ಕತ್ತರಿಸಿದ ಸ್ಲೈಸ್ ಸಿಕ್ಕಿದರೆ ಕ್ಯಾಲ್ಕರೈನ್ ಸೀಳಿನ ಅಂಚು ನೋಡಿ. ಬೂದು ಭಾಗದ ನಡುವೆಯೇ ಒಂದು ಸಪೂರ ಬಿಳಿ ಗೆರೆ ಓಡುತ್ತದೆ. ಮೈಕ್ರೋಸ್ಕೋಪ್ ಬೇಡ. 1776ರಲ್ಲಿ ಇಟಲಿಯ ಪಾರ್ಮಾದಲ್ಲಿ ಓದುತ್ತಿದ್ದ ಫ್ರಾನ್ಸೆಸ್ಕೊ ಜೆನ್ನಾರಿ ಇದನ್ನು ಗುರುತಿಸಿದ್ದು, ಅವನೂ ಆಗ ನಮ್ಮ ಹಾಗೆ ವಿದ್ಯಾರ್ಥಿ. ಗೆರೆ ನಿಂತಲ್ಲಿಗೆ ವಿ1 ಮುಗಿಯಿತು.

ವಿ1ನಲ್ಲಿ ನೋಟದ ನಕ್ಷೆ ಇದೆ, ಆದರೆ ಸಮಪಾಲು ಇಲ್ಲ. ನಟ್ಟ ನಡುವಿನ 10 ಡಿಗ್ರಿಗೇ ಸುಮಾರು ಅರ್ಧ ಜಾಗ. ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ಕಣ್ಣಂಚಿನಲ್ಲಿ ಬಸ್ ಬರುವುದು ಗೊತ್ತಾಗುತ್ತದೆ. ಬೋರ್ಡಿನಲ್ಲಿರುವುದು ಸ್ಟೇಟ್‌ಬ್ಯಾಂಕೋ ಕಂಕನಾಡಿಯೋ ಅಂತ ಓದಬೇಕಾದರೆ ಕಣ್ಣು ಹೊರಳಿಸಲೇಬೇಕು. ರೆಟಿನಾದ ಅಂಚಿನಲ್ಲಿ ಕೋನ್ ಕಡಿಮೆ, ಕಾರ್ಟೆಕ್ಸ್‌ನಲ್ಲೂ ಅದಕ್ಕೆ ಸಿಕ್ಕಿದ ಜಾಗ ಕಡಿಮೆ.

ಇಲ್ಲಿನ ಜೀವಕೋಶಗಳಿಗೆ ಬೇಕಾದ್ದು ಗೆರೆ. ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ 1950ರ ದಶಕದ ಕೊನೆಗೆ ಬೆಕ್ಕಿಗೆ ಚುಕ್ಕೆ ತೋರಿಸಿ, ಅದರ ಮಿದುಳಿನ ಕೋಶದ ಸಂಕೇತವನ್ನು ಸ್ಪೀಕರ್‌ನಲ್ಲಿ ಕೇಳುತ್ತಿದ್ದರು. ಕೋಶ ಜಪ್ಪಯ್ಯ ಅನ್ನಲಿಲ್ಲ. ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಸರಿದಾಗ ಮಾತ್ರ ಪಟಪಟ ಸದ್ದು ಮಾಡಿತು. ಒಂದೊಂದು ಕೋಶಕ್ಕೆ ಒಂದೊಂದು ಓರೆ ಹಿಡಿಸುತ್ತದೆ. ಒಂದೇ ಓರೆ ಹಿಡಿಸುವವು ಒಂದೇ ಕಾಲಮ್‌ನಲ್ಲಿ (ಕಂಬದಂಥ ಗುಂಪಿನಲ್ಲಿ) ಇರುತ್ತವೆ. ಎರಡು ಕಣ್ಣಿನ ಸುದ್ದಿ ಒಂದೇ ಕೋಶಕ್ಕೆ ತಲುಪುವುದೂ ಮುಖ್ಯವಾಗಿ ವಿ1ನಲ್ಲೇ. ಹ್ಯೂಬೆಲ್, ವೀಸೆಲ್ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಮುಂದೆ

ವಿ1ನಿಂದ ಎರಡು ದಾರಿ. ಕೆಳಗಿನದು ಟೆಂಪೊರಲ್ ಕಡೆಗೆ: ಏನು, ಯಾರು, ಯಾವ ಬಣ್ಣ. ಮೇಲಿನದು ನೆತ್ತಿ ಬದಿಯ ಪರೈಟಲ್ ಲೋಬ್ ಕಡೆಗೆ: ಎಲ್ಲಿದೆ, ಹೇಗೆ ಚಲಿಸುತ್ತಿದೆ. ಚಲನೆಗೆ ಈ ದಾರಿಯಲ್ಲಿ ಬರುವ ವಿ5 ಅನ್ನುವ ಭಾಗ ಮುಖ್ಯ. ಎರಡೂ ಬದಿಯ ಆ ಭಾಗಕ್ಕೆ ಪೆಟ್ಟಾದ ಮಹಿಳೆಯೊಬ್ಬರ ವರದಿ 1983ರಲ್ಲಿ ಬಂತು. ಕಪ್ಪಿಗೆ ಚಹಾ ಹೊಯ್ಯುವಾಗ ಧಾರೆ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತಂತೆ, ಮಟ್ಟ ಏರುವುದು ತಿಳಿಯದೆ ಯಾವಾಗ ನಿಲ್ಲಿಸಬೇಕೆಂದೇ ಗೊತ್ತಾಗುತ್ತಿರಲಿಲ್ಲ. ಬಣ್ಣ, ಆಕಾರ ಗುರುತಿಸಲು ಅವರಿಗೆ ಏನೂ ತೊಂದರೆ ಇರಲಿಲ್ಲ. ಎರಡು ದಾರಿಯ ಪ್ರಶ್ನೆ ಬಂದರೆ ಉದಾಹರಣೆಗೆ ಇದನ್ನೇ ಬರೆಯಿರಿ.