ಎಷ್ಟು ಸೈಟೇಶನ್ ಇದ್ದರೆ ಗ್ರೀನ್ ಕಾರ್ಡ್?

ಪ್ರಶ್ನೆ: ಸರ್, ನಾನು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಅಮೆರಿಕದಲ್ಲಿ ಪಿಎಚ್.ಡಿ. ಮಾಡಿದೆ. ಈಗ ಅಲ್ಲೇ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ. ಸವಳು ಮಣ್ಣಿನ ಮೇಲೆ ನನ್ನ ಕೆಲಸ. ಗ್ರೀನ್ ಕಾರ್ಡ್ ಅರ್ಜಿಗೆ ಕನಿಷ್ಠ 500 ಸೈಟೇಶನ್ (ಒಂದು ಪ್ರಬಂಧವನ್ನು ಇನ್ನೊಂದು ಪ್ರಬಂಧದಲ್ಲಿ ಉಲ್ಲೇಖಿಸುವುದು) ಬೇಕು ಅಂತಾರೆ, ನಿಜವೇ? ನನ್ನದು 180 ಇದೆ. — ಸಿಂಧನೂರು ಕಡೆಯ ಓದುಗ

ಉತ್ತರ: ಸುಳ್ಳು. ಯಾವ ಕಾಯ್ದೆಯಲ್ಲೂ ಆ 500 ಇಲ್ಲ, ಯಾವ ನಿಯಮದಲ್ಲೂ ಇಲ್ಲ. ಕೇಳುವವರ ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬರು 300 ಅಂತಾರೆ, ಇನ್ನೊಬ್ಬರು ಸಾವಿರ ಅಂತಾರೆ. ಯಾರಾದರೂ ಒಮ್ಮೆಯಾದರೂ ನಿಯಮವನ್ನು ತೆರೆದು ಓದಬಾರದೇ?

ಸಂಶೋಧಕರಿಗೆ ಮುಖ್ಯವಾಗಿ ಮೂರು ದಾರಿ. ಇಬಿ ಅಂದರೆ ನೌಕರಿ ಆಧಾರದ ಗ್ರೀನ್ ಕಾರ್ಡ್ ವರ್ಗ. ಇಬಿ-1ಎ, ಅಸಾಧಾರಣ ಸಾಮರ್ಥ್ಯದವರಿಗೆ: ನೀವೇ ಅರ್ಜಿ ಹಾಕಬಹುದು, ನೌಕರಿಯ ಆಫರ್ ಬೇಡ. 10 ಮಾನದಂಡಗಳಲ್ಲಿ ಕನಿಷ್ಠ 3 ತೋರಿಸಬೇಕು. ಇಬಿ-1ಬಿ, ಹೆಸರು ಮಾಡಿದ ಪ್ರಾಧ್ಯಾಪಕ-ಸಂಶೋಧಕರಿಗೆ: ವಿಶ್ವವಿದ್ಯಾಲಯ ಅಥವಾ ಸಂಸ್ಥೆಯೇ ಅರ್ಜಿ ಹಾಕಬೇಕು. 6ರಲ್ಲಿ 2 ಸಾಕು, ಆದರೆ 3 ವರ್ಷದ ಅನುಭವ ಬೇಕು, ನೌಕರಿ ಕಾಯಂ ಸ್ವರೂಪದ್ದಾಗಿರಬೇಕು. ವರ್ಷ ವರ್ಷ ಕರಾರು ಹೊಸದು ಮಾಡುವ ಪೋಸ್ಟ್‌ಡಾಕ್‌ಗಳು ಸಿಕ್ಕಿಬೀಳುವುದು ಇಲ್ಲೇ. ಮೂರನೆಯದು ಇಬಿ-2ರ ಕೆಳಗಿನ ಎನ್‌ಐಡಬ್ಲ್ಯೂ, ಅಂದರೆ ಅಮೆರಿಕದ ರಾಷ್ಟ್ರಹಿತದ ಹೆಸರಿನಲ್ಲಿ ನೌಕರಿ ಆಫರಿನ ಷರತ್ತನ್ನು ಬಿಟ್ಟುಕೊಡುವುದು. ಇದನ್ನೂ ನೀವೇ ಹಾಕಬಹುದು. ಮೂರಕ್ಕೂ ಫಾರಂ ಒಂದೇ, ಐ-140.

ಆ ಮಾನದಂಡಗಳ ಪಟ್ಟಿಯಲ್ಲಿ ಸೈಟೇಶನ್ ಅನ್ನುವ ಬಾಬೇ ಇಲ್ಲ. ಪ್ರಬಂಧ ಬರೆದಿದ್ದು ಇದೆ, ಬೇರೆಯವರ ಕೆಲಸವನ್ನು ಪರಿಶೀಲಿಸಿದ್ದು ಇದೆ, ಸ್ವಂತ ಕೊಡುಗೆ ಇದೆ. ಸೈಟೇಶನ್ ಬರುವುದು ಸಾಕ್ಷಿಯಾಗಿ ಮಾತ್ರ. ನಿಮ್ಮ ಕೆಲಸವನ್ನು ಬೇರೆಯವರು ಬಳಸಿದ್ದಾರೆ ಅನ್ನುವುದಕ್ಕೆ ಸಾಕ್ಷಿ. ಬಳಸಿದ್ದಾರೋ, ಸುಮ್ನೆ ಹೆಸರು ಹೇಳಿ ಮುಂದೆ ಹೋಗಿದ್ದಾರೋ ಅನ್ನುವುದು ಮುಖ್ಯ. ಪೀಠಿಕೆಯಲ್ಲಿ ಒಂದೇ ವಾಕ್ಯಕ್ಕೆ ಹದಿನೈದು ಪ್ರಬಂಧಗಳನ್ನು ಸಾಲಾಗಿ ಪೋಣಿಸಿ, ಅದರಲ್ಲಿ ನಿಮ್ಮದೂ ಒಂದು ಇದ್ದರೆ ಅದಕ್ಕೆ ಬೆಲೆ ಕಡಿಮೆ. ನಿಮಗೆ ಪರಿಚಯವೇ ಇಲ್ಲದ ತಂಡವೊಂದು ನಿಮ್ಮ ವಿಧಾನವನ್ನೇ ಹಿಡಿದು ಪ್ರಯೋಗ ಮಾಡಿದ್ದರೆ ಆ ಒಂದೇ ಸಾಕಷ್ಟು ತೂಗುತ್ತದೆ. ರಾಯಚೂರು ಎಪಿಎಂಸಿಗೆ ಹತ್ತಿ ತಂದವರನ್ನು ಕೇಳಿ, ಎಷ್ಟು ಕ್ವಿಂಟಾಲ್ ಅಂತ ನೋಡಿ ದರ ಹೇಳ್ತಾರಾ? ಎಳೆ ಎಳೆದು ನೋಡ್ತಾರೆ, ತೇವ ನೋಡ್ತಾರೆ.

ಇನ್ನೊಂದು. ಸಂಖ್ಯೆಯನ್ನು ಹೋಲಿಸಬೇಕಾದ್ದು ನಿಮ್ಮದೇ ಕ್ಷೇತ್ರದ, ನಿಮ್ಮದೇ ವರ್ಷದ ಪ್ರಬಂಧಗಳ ಜೊತೆ. ಮಷಿನ್ ಲರ್ನಿಂಗ್‌ನವರ ಸಾವಿರ ನೋಡಿ ಮಣ್ಣಿನವರು ಎದೆಗುಂದುವುದು ಯಾಕೆ? ಗಣಿತದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೂ ಗೌರವ ಇದೆ. ನಿಮ್ಮ 180ರಲ್ಲಿ ನೀವೇ ಮಾಡಿಕೊಂಡ ಸೈಟೇಶನ್, ಗೈಡ್ ಮತ್ತು ಸಹಲೇಖಕರದ್ದು ಕಳೆಯಿರಿ. ಉಳಿದವರು ಯಾರು, ಯಾತಕ್ಕೆ ಬಳಸಿದರು ಅಂತ ಒಂದೊಂದಾಗಿ ಗುರುತು ಹಾಕಿ. ಈ ಕೆಲಸ ಬೇಜಾರಿನದು. ಆದ್ದರಿಂದಲೇ ಎಲ್ಲರೂ ಸಂಖ್ಯೆ ಕೇಳುತ್ತಾರೆ. ದುಡ್ಡು ಕೊಟ್ಟು ಸೈಟೇಶನ್ ಏರಿಸಿಕೊಳ್ಳುವ ಯೋಚನೆ ಇದ್ದರೆ ಇಲ್ಲೇ ಬಿಡಿ. ಸುಳ್ಳು ಸಾಕ್ಷಿ ಕೊಟ್ಟಿದ್ದು ಸಾಬೀತಾದರೆ ಆ ದೇಶದ ಬಾಗಿಲೇ ಮುಚ್ಚಬಹುದು.

ಎನ್‌ಐಡಬ್ಲ್ಯೂ ಅಂತೂ ಎಣಿಕೆಯ ಆಟವೇ ಅಲ್ಲ. ಅಮೆರಿಕದ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಕೊಟ್ಟ 2016ರ ಧನಸರ್ ತೀರ್ಪಿನ ಪ್ರಕಾರ ಕೇಳುವುದು ಮೂರೇ: ನೀವು ಕೈಗೊಂಡ ಕೆಲಸಕ್ಕೆ ರಾಷ್ಟ್ರಮಟ್ಟದ ಮಹತ್ವ ಇದೆಯೇ, ಅದನ್ನು ಮುಂದಕ್ಕೆ ಒಯ್ಯಲು ನೀವು ಸಮರ್ಥರೇ, ನೌಕರಿ ಆಫರಿನ ಷರತ್ತು ಬಿಟ್ಟರೆ ಅಮೆರಿಕಕ್ಕೆ ಲಾಭವೇ. ಗಂಗಾವತಿ, ಸಿಂಧನೂರಿನ ಸವಳು-ಜವಳು ಭೂಮಿ ನಿಮಗೆ ಗೊತ್ತು, ನನಗೂ ಗೊತ್ತು. ತುಂಗಭದ್ರಾ ಕಾಲುವೆ ನೀರು ಕಟ್ಟಿ ಕಟ್ಟಿ ಭತ್ತ ಬೆಳೆದು ಉಪ್ಪು ಮೇಲೆದ್ದ ಹೊಲಗಳು. ಆದರೆ ಅರ್ಜಿ ನೋಡುವ ಅಧಿಕಾರಿಗೆ ಕಾರಟಗಿ ರೈತರ ಕಷ್ಟ ಹೇಳಿ ನಿಲ್ಲಿಸಿದರೆ ಆಗಲಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲೂ ನೀರಾವರಿಯಿಂದ ಉಪ್ಪೇರಿದ ಹೊಲಗಳಿವೆ. ನಿಮ್ಮ ಕೆಲಸ ಅಲ್ಲಿಗೆ ಹೇಗೆ ಮುಟ್ಟುತ್ತದೆ ಅಂತ ಬರೆಯಿರಿ. ಅರ್ಜಿಯ ಜೀವ ಅದೇ.

ಐ-140 ಪಾಸಾದರೆ ಗ್ರೀನ್ ಕಾರ್ಡ್ ಕೈಗೆ ಬಂತು ಅಂದುಕೊಳ್ಳಬೇಡಿ. ವರ್ಷಕ್ಕೆ ನೌಕರಿ ಆಧಾರದ ವೀಸಾ ಸುಮಾರು 1,40,000. ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ. 7ರ ಮಿತಿ. ಭಾರತದಲ್ಲಿ ಹುಟ್ಟಿದವರಿಗೆ ಇಬಿ-2ರ ಸರದಿ ಹತ್ತು ವರ್ಷಕ್ಕೂ ಹೆಚ್ಚು ಹಿಂದೆ ಬಿದ್ದಿದೆ. ಇಬಿ-1 ವಾಸಿ, ಅದಕ್ಕೂ ಕಾಯಬೇಕು. ಹಾಗಂತ ಎನ್‌ಐಡಬ್ಲ್ಯೂ ದಂಡ ಅಲ್ಲ. ಅದರಲ್ಲಿ ಸಿಕ್ಕ ಸರದಿ ದಿನಾಂಕವನ್ನು, ಅಂದರೆ ಸಾಲಿನಲ್ಲಿ ನಿಮ್ಮ ಜಾಗ ಗೊತ್ತುಮಾಡುವ ದಿನಾಂಕವನ್ನು, ಮುಂದೆ ಇಬಿ-1 ಅರ್ಜಿ ಪಾಸಾದಾಗ ಅಲ್ಲಿಗೂ ಒಯ್ಯಬಹುದು.

ಇನ್ನು ನೀವು ಕೇಳದ ಒಂದು ವಿಷಯ. ನಿಮ್ಮ ಜನನ ಪ್ರಮಾಣಪತ್ರ ಎಲ್ಲಿದೆ? ಐ-140ಕ್ಕೆ ಅದು ಬೇಡ, ಗ್ರೀನ್ ಕಾರ್ಡಿನ ಕೊನೆ ಅರ್ಜಿಗೆ ಬೇಕೇ ಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ. ಹುಟ್ಟಿದ್ದು ಲಿಂಗಸುಗೂರು ತಾಲ್ಲೂಕಿನ ಅಜ್ಜಿ ಊರಲ್ಲಿ, ಪಾಸ್‌ಪೋರ್ಟಿನಲ್ಲಿ ರಾಯಚೂರು. ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ತರು ಬರೆದುಕೊಂಡ ಜೂನ್ 1 ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಶಾಶ್ವತ. ಅಪ್ಪನ ಹೆಸರು ಒಂದೊಂದು ಕಡೆ ಒಂದೊಂದು ಥರ. ನೋಂದಣಿಯೇ ಆಗಿಲ್ಲದಿದ್ದರೆ ಜನನ-ಮರಣ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲ ಎಂಬ ಪತ್ರ ತೆಗೆದುಕೊಳ್ಳಿ. ಅದರ ಜೊತೆಗೆ ಅಂಕಪಟ್ಟಿ, ನಿಮ್ಮ ಹುಟ್ಟು ಖುದ್ದಾಗಿ ಗೊತ್ತಿರುವ ಇಬ್ಬರು ಹಿರಿಯರ ಅಫಿಡವಿಟ್ ಇಡಬಹುದು. ಆ ಹಿರಿಯರಿಗೆ ಈಗಲೇ ಎಪ್ಪತ್ತು ದಾಟಿರುತ್ತದೆ, ಅಲ್ವಾ? ಮುಂದಿನ ಸಲ ಊರಿಗೆ ಬಂದಾಗ ಮೊದಲು ಅಫಿಡವಿಟ್ ಮಾಡಿಸಿ, ಆಮೇಲೆ ಮದುವೆ ಮನೆಗೆ ಹೋಗಿ.